ಎರಡು ಮೀಟರ್ ನೆಲ

ನಮ್ಮೂರ ನೆಲವನ್ನು ಕಡಲು ದಿನವೂ ಒಂದಿಷ್ಟು ತಿನ್ನುತ್ತದೆ. ದಂಡೆಯ ಅಂಚು ಇನ್ನೆಷ್ಟು ದೂರ ಉಳಿದಿದೆ ಎಂಬುದನ್ನು ಪ್ರತಿ ಮನೆಯ ಹಿಂಗೋಡೆಯ ಲೇಸರ್ ಸೆನ್ಸರು ಬೆಳಿಗ್ಗೆ ತೋರಿಸುತ್ತದೆ. ಹತ್ತು ಮೀಟರಿಗಿಂತ ಕಡಿಮೆಯಾದರೆ ಅಂದೇ ಮನೆ ಬಿಡಬೇಕು.

ಸೆನ್ಸರುಗಳನ್ನು ನೋಡಿಕೊಳ್ಳುವ ಶೇವಂತಿ ಸೋಮವಾರ ಬಂದಾಗ ಬೇಕರಿಯ ರೋಜಿನಾಳ ಗೋಡೆ ಒಂಬತ್ತೂವರೆ ತೋರಿಸುತ್ತಿತ್ತು.

“ಶೇವಂತಕ್ಕ, ಮದುವೆ ಕೇಕಿನ ಆರ್ಡರ್ ಉಂಟು. ಶನಿವಾರದವರೆಗೆ ಹೇಗಾದ್ರೂ ಮಾಡಿ,” ಎಂದು ರೋಜಿನಾ ಕೈ ಹಿಡಿದುಕೊಂಡಳು.

ಹದಿನೈದು ವರ್ಷದ ಒಡನಾಟ. ಸೆನ್ಸರು ಎರಡು ಮೀಟರ್ ಹೆಚ್ಚು ತೋರಿಸುವಂತೆ ಬದಲಿಸಿ ಶೇವಂತಿ ಮುಂದಿನ ಮನೆಗೆ ಹೋದಳು.

ಗುರುವಾರ ನಸುಕಿನಲ್ಲಿ ಕಡಲು ಉಕ್ಕಿ ದಂಡೆ ಒಮ್ಮೆಲೇ ಜರಿದು ಬೇಕರಿಯ ಹಿಂಗೋಡೆ ಕುಸಿಯಿತು. ರೋಜಿನಾಳ ಬಲಗೈ ಇಟ್ಟಿಗೆಗಳಡಿ ಸಿಕ್ಕಿ ಜಜ್ಜಿಹೋಯಿತು.

ವಿಚಾರಣೆಗೆಂದು ಆಸ್ಪತ್ರೆಗೆ ಬಂದ ಅಧಿಕಾರಿಗೆ ಅವಳು, “ಸೆನ್ಸರೇ ಕೆಟ್ಟಿತ್ತು ಸಾರ್,” ಎಂದಳು.

ಪಕ್ಕದಲ್ಲೇ ನಿಂತಿದ್ದ ಶೇವಂತಿಗೆ ರೋಜಿನಾಳ ಕೈಯ ಬ್ಯಾಂಡೇಜಿನಿಂದ ಕಣ್ಣು ಕೀಳಲಾಗಲಿಲ್ಲ. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು.

“ಸೆನ್ಸರು ಸರಿಯಾಗೇ ಇತ್ತು ಸಾರ್. ಅಂಕಿ ಬದಲಿಸಿದ್ದು ನಾನು.”

ಅಧಿಕಾರಿ ಶೇವಂತಿಯ ಕೆಲಸದ ಗುರುತಿನ ಚೀಟಿ ಕೇಳಿ ತೆಗೆದುಕೊಂಡು ಹೊರಟರು.

“ಬೇಡಿಕೊಂಡದ್ದು ನಾನಲ್ವಾ? ನೀವ್ಯಾಕೆ ಹೇಳಿದ್ರಿ?” ರೋಜಿನಾ ಅಳತೊಡಗಿದಳು.

“ನೀನು ಬೇಡಿದ್ದು ಐದು ದಿನ, ರೋಜಿ,” ಎಂದಳು ಶೇವಂತಿ. “ನಾನು ಕೊಟ್ಟದ್ದು ಇಲ್ಲದ ನೆಲ.”