ಬೀದಿಗೆಲ್ಲ ಪೇಢಾ

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನ ಬೀದಿಗೆಲ್ಲ ಪೇಢಾ ಹಂಚುತ್ತೇನೆ ಎಂದು ಮಗಳು ಚಿಕ್ಕವಳಿದ್ದಾಗಲೇ ಅವಳಿಗೆ ಮಾತು ಕೊಟ್ಟಿದ್ದೆ.

ಗೆಳತಿಯ ಮನೆಯಲ್ಲಿ ರಿಸಲ್ಟ್ ನೋಡಿಕೊಂಡು ಬಂದವಳು ಹೊಸ್ತಿಲಲ್ಲೇ ನಿಂತಳು.

"ಅಪ್ಪ, ಗಣಿತ ಹೋಯ್ತು. ಸೈನ್ಸೂ ಹೋಯ್ತು."

"ಸರಿ. ಮೊದ್ಲು ಊಟ ಮಾಡು. ಆಮೇಲೆ ಆ ಪೇಢಾ ಡಬ್ಬ ತಗೊಂಡು ಬಾ, ಹೋಗೋಣ."

"ಫೇಲಾದವಳಿಗೆ ಪೇಢಾನಾ? ಎಲ್ಲ ನಗ್ತಾರೆ."

"ಪಾಸಾದ್ರೆ ಹಂಚ್ತೀನಿ ಅಂತ ನಾನು ಹೇಳಿದ್ನಾ? ಮತ್ತೆ ಪರೀಕ್ಷೆ ಬರೀತೀಯೋ ಇಲ್ವೋ?"

ಅವಳು ಕೈ ತೊಳೆದು ಬಂದು ಅನ್ನ ಕಲಸತೊಡಗಿದಳು. "ಬರೀತೀನಿ," ಎಂದಳು.

ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಸುಭದ್ರಮ್ಮ ಪೇಢಾ ಬಾಯಿಗೆ ಹಾಕಿಕೊಂಡರು. "ಎಷ್ಟು ಪರ್ಸೆಂಟೇ ಹುಡುಗಿ?"

"ಎರಡರಲ್ಲಿ ಫೇಲು, ಆಂಟಿ. ಮತ್ತೆ ಬರೀತೀನಿ," ಎಂದು ನನಗಿಂತ ಮೊದಲು ಮಗಳೇ ಹೇಳಿದಳು.

ಸುಭದ್ರಮ್ಮ ನಕ್ಕರು. "ಚೆನ್ನಾಗಿದೆ ಕಣ್ರೀ. ಫೇಲಾದ್ದಕ್ಕೂ ಸ್ವೀಟಾ?"

"ರಿಸಲ್ಟ್ ನೋಡಿ ಮನೆಗೆ ಬಂದಳಲ್ಲ, ಅದಕ್ಕೆ," ಎಂದೆ.

ಪಕ್ಕದ ಮನೆಯ ವೀರಭದ್ರಣ್ಣ ಏನೂ ಕೇಳಲಿಲ್ಲ. ಪೇಢಾ ತೆಗೆದುಕೊಂಡು ಮಗಳ ತಲೆ ಸವರಿದರು. ನಾನು ಆ ಮಾತು ಕೊಟ್ಟ ವರ್ಷ ರಿಸಲ್ಟ್ ನೋಡಲು ಹೋದ ನನ್ನ ಮಗನ ಚಪ್ಪಲಿಯನ್ನು ಕೆರೆಯ ದಡದಿಂದ ತಂದುಕೊಟ್ಟವರು ಅವರೇ.

ಪೇಢಾ ಬೀದಿಗೆಲ್ಲ ಸಾಕಾಯಿತು.