ಶಿರಸ್ತೇದಾರರ ಇಪ್ಪತ್ತು ಮೈಲಿ

ಶಿರಾ ಗೇಟ್‌ನ ಗುಂಡಯ್ಯನ ಶೆಡ್ಡಿನೊಳಗಿಂದ ಹೆಂಡತಿಯ ದನಿ ಕೇಳಿಬಂದಾಗ ಸೀತಾರಾಮಯ್ಯನವರು ಬಾಗಿಲಲ್ಲೇ ನಿಂತರು.

"ಯಜಮಾನರಿಗೆ ಮಾತ್ರ ಗೊತ್ತಾಗಬಾರದು, ಗುಂಡಯ್ಯ."

"ಗೊತ್ತಾಗಕ್ಕಿಲ್ಲ ಬುಡಿ ಅಮ್ಮೋರೆ. ದೇವರಾಣೆ."

ಇಣುಕಿದರು. ಕೌಸಲ್ಯಮ್ಮ ಒಂದು ಡಬ್ಬಿ ಕೋಡುಬಳೆಯನ್ನು ಮೆಕ್ಯಾನಿಕ್ಕಿನ ಕೈಗಿಡುತ್ತಿದ್ದರು. ಪಕ್ಕದ ಬೆಂಚಿನ ಮೇಲೆ ಇವರ ಹಳೆಯ ಮಾರಿಸ್ ಮೈನರ್ ಕಾರಿನ ಸ್ಪೀಡೋಮೀಟರು ಗಾಜು ಬಿಚ್ಚಿಸಿಕೊಂಡು ಮಲಗಿತ್ತು. ಸೀತಾರಾಮಯ್ಯನವರು ಕೆಮ್ಮಿದರು. ತಕ್ಷಣ ಇಬ್ಬರೂ ಈ ವರ್ಷದ ಚಳಿಯ ಬಗ್ಗೆ ಮಾತಾಡತೊಡಗಿದರು.

ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರಿಗೆ ಲಂಚ ಕಂಡರೆ ತಿಳಿಯುವುದಿಲ್ಲವೇ? ಕೋಡುಬಳೆಯಾದರೂ ಲಂಚ ಲಂಚವೇ.

ಯಾಕೆಂಬುದೂ ಅವರಿಗೆ ಹೊಳೆಯಿತು. ಹೋದ ವರ್ಷ ಗುಬ್ಬಿಯಲ್ಲಿ ತಂಗಿ ಸುಂದರಮ್ಮನ ಹಿರಿಯ ಮಗಳ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಇವರೇ. ಇವರು ಕಾರಿನಲ್ಲಿ ಹೋಗಿ ತಲುಪಿದಾಗ ಧಾರೆ ಮುಗಿದು, ಮೊದಲ ಪಂಕ್ತಿ ಮಜ್ಜಿಗೆಯವರೆಗೆ ಬಂದಿತ್ತು. ಯಾರೋ ದೂರದ ನೆಂಟ ಇವರ ಜಾಗದಲ್ಲಿ ನಿಂತು ಶಾಸ್ತ್ರ ಮುಗಿಸಿದ್ದ. ಸುಂದರಮ್ಮ ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ಈಗ ಕಿರಿಯ ಮಗಳ ಮದುವೆ, ಕುಣಿಗಲ್ಲಿನ ಛತ್ರದಲ್ಲಿ.

"ಈ ಸಲವೂ ಮುಹೂರ್ತ ತಪ್ಪಿಸಿದ್ರೆ ಆ ಕಾರು ನಮ್ಮನೇಲಿ ಇರಲ್ಲ," ಎಂದು ಕೌಸಲ್ಯಮ್ಮ ಹೇಳಿಯಾಗಿತ್ತು. ಕೊಬ್ಬರಿ ಮಂಡಿಯ ಚನ್ನಬಸವಯ್ಯ ಕೊಳ್ಳಲು ಕಾದುಕೊಂಡಿದ್ದ. ಸೀತಾರಾಮಯ್ಯನವರೂ ರೋಷದಲ್ಲಿ "ಆಗಲಿ" ಅಂದುಬಿಟ್ಟಿದ್ದರು.

ಅಂದಮೇಲೆ ಈ ಡಬ್ಬಿ? ಕಾರು ದಾರಿಯಲ್ಲೇ ಕೈಕೊಡಲಿ ಅಂತ!

ಆ ಮಾರಿಸ್ ಇವರ ಕೈಯಲ್ಲಿ ಎಂದೂ ಗಂಟೆಗೆ ಇಪ್ಪತ್ತು ಮೈಲಿ ದಾಟಿರಲಿಲ್ಲ. ದಾಟಿದರೆ ಇಂಜಿನ್‌ಗೆ ಆಯಾಸವೆಂದು ಅವರ ನಂಬಿಕೆ. ಓಡಿಸುವಾಗ ಅವರ ಕಣ್ಣು ಮೀಟರಿನ ಮುಳ್ಳಿನ ಮೇಲೆ. ರಸ್ತೆ ನೋಡುವ ಕೆಲಸ ಕೌಸಲ್ಯಮ್ಮನದು. ಮುಳ್ಳು ಕಿರ್ ಅನ್ನುತ್ತದೆಂದು ಹೋದ ವಾರ ತಾವೇ ಅದರೊಳಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಮಾಘದ ಚಳಿಗೆ ಎಣ್ಣೆ ಹೆಪ್ಪುಗಟ್ಟಿ, ಮುಳ್ಳು ಸೊನ್ನೆಯನ್ನು ಕಚ್ಚಿಕೊಂಡು ಕೂತಿತ್ತು. ಮುಳ್ಳು ಏಳದೆ ಕಾರು ಹೊರಡುವಂತಿರಲಿಲ್ಲ. ವರಪೂಜೆ ತಪ್ಪಿತು. ರಿಪೇರಿ ಮುಗಿದದ್ದು ಭಾನುವಾರ ದೀಪ ಹಚ್ಚುವ ಹೊತ್ತಿಗೆ. ಕತ್ತಲಲ್ಲಿ ಅವರು ಓಡಿಸುವವರಲ್ಲ. ಸೋಮವಾರ ಬೆಳಿಗ್ಗೆ ಪೂಜೆ ಮುಗಿಯುವಷ್ಟರಲ್ಲಿ ರಾಹುಕಾಲ ಬಂದು ಕೂತಿತು. ಅದು ಕಳೆಯುವುದು ಒಂಬತ್ತಕ್ಕೆ. ಮುಹೂರ್ತ ಹತ್ತಕ್ಕೆ. ಕುಣಿಗಲ್ಲಿಗೆ ಇಪ್ಪತ್ತೆರಡು ಮೈಲಿ.

ಹೊರಡುವ ಮುಂಚೆ ಬಾನೆಟ್ ಎತ್ತಿದರು. ಪ್ಲಗ್ಗು ಅಲುಗಿಸಿ ನೋಡಿದರು. ಪೆಟ್ರೋಲ್ ಮೂಸಿದರು. ಪಂಚೆ ಎತ್ತಿ ಕಟ್ಟಿ ಕಾರಿನ ಕೆಳಗೂ ಬಗ್ಗಿದರು.

"ಏನ್ರೀ ಹುಡುಕ್ತಿದೀರಾ?"

"ನಿನಗೇ ಗೊತ್ತಿರಬೇಕಲ್ಲ."

"ನನಗೇನ್ರೀ ಗೊತ್ತು ಕಾರಿನ ವಿಷಯ."

ಎಲ್ಲವೂ ಸರಿಯಾಗಿತ್ತು. ಅದಕ್ಕೇ ಅವರ ಅನುಮಾನ ಇನ್ನಷ್ಟು ಬಲವಾಯಿತು.

ಮಫ್ಲರನ್ನು ಕಿವಿಯ ಮೇಲಿಂದ ಬಿಗಿದು ಕಟ್ಟಿಕೊಂಡು ಹೊರಟರು. ಮುಳ್ಳು ವಿಧೇಯ ಗುಮಾಸ್ತನಂತೆ ಎದ್ದು, ಇಪ್ಪತ್ತಕ್ಕೆ ಬಂದು ನಿಂತಿತು. ಆದರೆ ಇಂಜಿನ್ನಿನ ದನಿ ಎಂದಿನದಲ್ಲ. ಮಫ್ಲರಿನೊಳಗೂ ಕೇಳುತ್ತಿತ್ತು. ಗುಂಡಯ್ಯ ಏನೋ ಮಾಡಿದ್ದಾನೆ. ಎಲ್ಲಿ ನಿಲ್ಲುತ್ತದೋ, ಯಾವ ಚಕ್ರ ಕಳಚುತ್ತದೋ!

"ಎಷ್ಟರಲ್ಲಿದೀವಿ?" ಎಂದರು ಕೌಸಲ್ಯಮ್ಮ.

"ಇಪ್ಪತ್ತು. ಕೂದಲೆಳೆಯಷ್ಟೂ ಜಾಸ್ತಿ ಇಲ್ಲ."

"ಹಾಗೇ ಇರ್ಲಿ. ನೀವು ಮುಳ್ಳು ನೋಡಿ, ರಸ್ತೆ ನಾನು ನೋಡ್ಕೋತೀನಿ. ಎಡಕ್ಕೆ, ಎಡಕ್ಕೆ! ಎಮ್ಮೆ!"

ಕೌಸಲ್ಯಮ್ಮನ ಎರಡೂ ಕೈ ಸೀಟನ್ನು ಹಿಡಿದಿದ್ದವು. ತುಟಿ ಅಲುಗುತ್ತಿತ್ತು. ಕಾರು ಕೆಡಲಿ ಅಂತ ಹರಕೆ ಹೊರುತ್ತಿದ್ದಾಳೆ, ಅಂದುಕೊಂಡರು ಸೀತಾರಾಮಯ್ಯ.

ಹೆಬ್ಬೂರು ದಾಟಿದ ಮೇಲೆ, ಟಾಪಿನ ತುಂಬ ಮೂಟೆ ಹೇರಿಕೊಂಡ ಒಂದು ಬಸ್ಸು ಇವರಿಗಿಂತ ಹಿಂದುಳಿಯಿತು. "ಸೋಮಾರಿ ಡ್ರೈವರು," ಎಂದರು. ಕೌಸಲ್ಯಮ್ಮ ಸೀಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಕಾರು ಕೆಡಲಿಲ್ಲ. ಛತ್ರದ ಮುಂದೆ ನಿಂತಾಗ ಒಳಗೆ ಹುಡುಗಿಗೆ ಇನ್ನೂ ಜಡೆ ಹೆಣೆಯುತ್ತಿದ್ದರು. ಸುಂದರಮ್ಮ ಹೊರಗೆ ಬಂದವಳು ಅಣ್ಣನನ್ನೂ, ಕಾರನ್ನೂ, ಮತ್ತೆ ಅಣ್ಣನನ್ನೂ ನೋಡಿದಳು.

"ನೀನಾ ಅಣ್ಣಾ? ಬೀಗರೌತಣಕ್ಕೆ ಬರ್ತೀಯ ಅಂದ್ಕೊಂಡಿದ್ದೆ."

ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು. ಸೀತಾರಾಮಯ್ಯನವರು ಮಫ್ಲರ್ ಬಿಚ್ಚುವ ನೆಪದಲ್ಲಿ ಕಣ್ಣೊರೆಸಿಕೊಂಡರು. ಮುಹೂರ್ತಕ್ಕೆ ಸೋದರಸೊಸೆಯ ಕೈ ಹಿಡಿದು ಮಂಟಪಕ್ಕೆ ಕರೆತಂದಾಗ ಅವರ ನಡಿಗೆಯೂ ಇಪ್ಪತ್ತು ಮೈಲಿ ದಾಟದಷ್ಟು ಗಂಭೀರವಾಗಿತ್ತು. ಸುಂದರಮ್ಮ ತಾನೇ ನಿಂತು ಎರಡನೇ ಹೋಳಿಗೆ ಬಡಿಸಿದಳು. ಅಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅವರು, "ನಿಧಾನವಾಗಿ ಓಡಿಸಿದ್ರೆ ಬೇಗ ತಲುಪ್ತೀವಿ ಕಣ್ರಯ್ಯ," ಎಂದು ಹೇಳಿದರು. ಯಾರಿಗೂ ಅರ್ಥವಾಗಲಿಲ್ಲ.

"ಸೋತೆಯಲ್ಲೇ?" ಎಂದರು, ವಾಪಸು ಬರುವಾಗ.

"ಸೋತೆ. ಕಾರು ಇರ್ಲಿ ಬಿಡಿ," ಎಂದರು ಕೌಸಲ್ಯಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ.

ಹೆಂಡತಿಯನ್ನು ಕ್ಷಮಿಸಬಹುದು, ಮೆಕ್ಯಾನಿಕ್ಕನ್ನು ಹೇಗೆ ಕ್ಷಮಿಸುವುದು? ಮಾರನೆಯ ದಿನ ಶೆಡ್ಡಿಗೆ ಹೋಗಿ ಕೊಡೆಯನ್ನು ನೆಲಕ್ಕೆ ಕುಟ್ಟಿದರು.

"ಏನ್ಲಾ ಗುಂಡಯ್ಯ, ನನ್ನ ಕಾರು ಹಾಳು ಮಾಡೋಕೆ ಒಪ್ಪಿಕೊಂಡೆಯಲ್ಲ, ನಿನಗೆ ಮಾನ ಇದೆಯೇನೋ?"

ಗುಂಡಯ್ಯ ಬಾಯಿ ಬಿಟ್ಟುಕೊಂಡು ನೋಡಿದ.

"ಹಾಳು ಮಾಡಕ್ಕಾ? ಅಯ್ಯೋ ಸ್ವಾಮಿ, ಈ ಕಾರು ಹೋದ್ರೆ ನಮ್ಮ ಯಜಮಾನ್ರು ಊಟ ಬಿಟ್ಬುಡ್ತಾರೆ, ಗಾಡಿ ನಲವತ್ತರಲ್ಲಿ ಓಡ್ತಿದ್ರೂ ಮುಳ್ಳು ಇಪ್ಪತ್ತೇ ತೋರಿಸೋ ಹಂಗೆ ಸ್ಪ್ರಿಂಗ್ ಬಿಗಿ ಮಾಡ್ಕೊಡಪ್ಪ ಅಂತ ಕೈ ಮುಗಿದ್ರು ಅಮ್ಮೋರು!"