ಪುಟ್ಟಸ್ವಾಮಯ್ಯನವರ ಕಟ್ ಆದ ಸೀನು

ಅರವತ್ತು ತುಂಬಿದವರ ನೆನಪುಗಳನ್ನು ತಲೆಯಿಂದ ಇಳಿಸಿ, ಎಡಿಟ್ ಮಾಡಿ, ಮತ್ತೆ ತುಂಬಿಕೊಡುವ ಅಂಗಡಿ ಗೌರೀಶನದು. ಇವತ್ತು ಬಂದವರು ನಿರ್ದೇಶಕ ಪುಟ್ಟಸ್ವಾಮಯ್ಯ. ‘ಲೆಂತ್ ಜಾಸ್ತಿ ಆಯ್ತು ಮರಿ, ಕಟ್ ಮಾಡ್ದೆ’ ಎಂದು ಚಿಕ್ಕಂದಿನಲ್ಲಿ ನಟಿಸಿದ್ದ ಗೌರೀಶನ ಒಂದೇ ಒಂದು ಡೈಲಾಗನ್ನು ತಮ್ಮ ಸಿನಿಮಾದಿಂದ ಕಿತ್ತೆಸೆದಿದ್ದವರು. ಇಡೀ ಬೀದಿಯನ್ನೇ ಥಿಯೇಟರಿಗೆ ಕರೆದೊಯ್ದಿದ್ದ ಅವನ ಅವ್ವ ಅಂದು ತಲೆ ತಗ್ಗಿಸಿ ಮನೆಗೆ ಬಂದಿದ್ದಳು.

“ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇರೋ ಮಷೀನ್ ಹಾಕಪ್ಪ. ಒಂದು ಫ್ರೇಮೂ ಹೋಗ್ಬಾರ್ದು,” ಎಂದರು ಗುರುತು ಹಿಡಿಯದ ಪುಟ್ಟಸ್ವಾಮಯ್ಯ.

“ನಿಮಗೆ ಅಂತಾನೇ ಒಂದು ಎತ್ತಿಟ್ಟಿದೀನಿ ಸಾರ್!” ಗೌರೀಶ ಮೂಲೆಯ ಹಳೇ ಡಬ್ಬಾ ಕಂಪ್ಯೂಟರಿನ ಧೂಳು ಊದಿದ. ಎಲ್ಲ ನೆನಪೂ ಅದರಲ್ಲಿ ಹಿಡಿಯುವುದಿಲ್ಲ.

ಮುಗಿದ ಮೇಲೆ ಪುಟ್ಟಸ್ವಾಮಯ್ಯ ಜೇಬಿನ ಫೋಟೊ ನೋಡಿ ಕಂಗಾಲಾದರು. “ಪ್ರಶಸ್ತಿ ಹಿಡ್ಕೊಂಡಿರೋದು ನಾನೇ ಅಲ್ವೇನಪ್ಪಾ? ನೆನಪೇ ಇಲ್ವಲ್ಲ!”

ಗೌರೀಶ ಕಾಲರ್ ಎತ್ತಿದ. “ಲೆಂತ್ ಜಾಸ್ತಿ ಆಯ್ತು ಸಾರ್, ಕಟ್ ಮಾಡ್ದೆ.”